ಸೋಲು ತಿಳಿದೂ ಹೋರಾಡುವ ದೇವರ ಹಾಡು

ನನ್ನ ತಂದೆಯವರು ಕುಮಾರವ್ಯಾಸನನ್ನು ಕೇಳಿಕೊಂಡು ಬೆಳೆದವರು. ಹಾಸನ ಸೀಮೆಯ ನಮ್ಮ ಹಳ್ಳಿಯಲ್ಲಿ ಗಮಕ ವಾಚನವಿದೆಯೆಂದರೆ ಅವರಿಗೆ ಹಸಿವೆಯ ನೆನಪೂ ಇರುತ್ತಿರಲಿಲ್ಲ. ಹಲವು ವರ್ಷಗಳ ಹಿಂದೆ ನಾನು ಉದ್ಯೋಗ ನಿಮಿತ್ತ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿದ್ದಾಗ ಅವರು ಒಂದು ಬೇಸಿಗೆಯನ್ನು ನನ್ನೊಡನೆ ಕಳೆಯಲು ಬಂದಿದ್ದರು. ಒಂದು ಸಂಜೆ ನಾನು ಬಾಗಿಲು ಮುಚ್ಚಿಕೊಂಡು ಕೇಳುತ್ತಿದ್ದ ಸಂಗೀತ ಗೋಡೆ ದಾಟಿ ಅವರ ಕಿವಿಗೆ ಬಿತ್ತು. ಬಾಗಿಲು ತಳ್ಳಿ ಒಳಬಂದವರು, ‘ಯಾರಿಗೋ ಏನೋ ಆಗಿದೆ ಅಂತ ಓಡಿ ಬಂದೆ ಕಣಪ್ಪ. ಇದು ಹಾಡಾ?’ ಎಂದು ಕೇಳಿದರು.

ಅವರದು ನ್ಯಾಯವಾದ ಪ್ರಶ್ನೆಯೇ. ನಾನು ಕೇಳುತ್ತಿದ್ದುದು ಡೆತ್ ಮೆಟಲ್. ಹಾಡುಗಾರ ಹಾಡುವುದಿಲ್ಲ, ಘರ್ಜಿಸುತ್ತಾನೆ. ಗಿಟಾರುಗಳು ಗರಗಸದಂತೆ ಕೊರೆಯುತ್ತವೆ. ಡ್ರಮ್ಸ್‌ನ ಪೆಟ್ಟುಗಳ ನಡುವೆ ಉಸಿರಾಡಲೂ ಬಿಡುವಿರುವುದಿಲ್ಲ. ಹೆಸರಿನಲ್ಲೇ ಸಾವನ್ನು ಹೊತ್ತ ಈ ಸಂಗೀತವನ್ನು ಮರ್ಯಾದಸ್ಥರ ಮನೆಗಳಲ್ಲಿ ಸಂಗೀತವೆಂದು ಒಪ್ಪುವವರು ಕಡಿಮೆ. ಹರೆಯದ ಹುಚ್ಚು, ಹಿಂಸೆಯ ವೈಭವೀಕರಣ, ಪಾಶ್ಚಾತ್ಯ ವಿಕೃತಿ ಎಂಬ ಮೂರು ಪದಗಳಲ್ಲಿ ಅದರ ವಿಚಾರಣೆ ಮುಗಿದುಹೋಗುತ್ತದೆ. ಈ ತೀರ್ಪನ್ನು ಮರುಪರಿಶೀಲಿಸಬೇಕೆಂಬುದು ನನ್ನ ಕೋರಿಕೆ. ಅದರಲ್ಲೂ ಉತ್ತರ ಯೂರೋಪಿನ ಪುರಾಣಗಳನ್ನು ಆಧರಿಸಿದ, ವೈಕಿಂಗ್ ಯುಗದ ಕಥೆಗಳನ್ನು ಹೇಳುವ ಡೆತ್ ಮೆಟಲ್‌ನಲ್ಲಿ ನಾವು ತಲೆಬಾಗಿ ಕೇಳಬೇಕಾದ ಒಂದು ಮಾತಿದೆ ಎಂದು ನಾನು ನಂಬಿದ್ದೇನೆ.

ಆ ಸಂಜೆ ನಾನು ಕೇಳುತ್ತಿದ್ದುದು ಅಮಾನ್ ಅಮಾರ್ಥ್ ಎಂಬ ತಂಡವನ್ನು. ಸ್ಟಾಕ್‌ಹೋಮಿನ ನೈಋತ್ಯಕ್ಕೆ, ಉಪನಗರ ರೈಲಿನಲ್ಲಿ ತಲುಪಬಹುದಾದ ತುಂಬಾ ಎಂಬ ಊರಿದೆ. 1755ರಲ್ಲಿ ಸ್ವೀಡನ್ನಿನ ಕೇಂದ್ರ ಬ್ಯಾಂಕು ನೋಟಿನ ಕಾಗದ ತಯಾರಿಸಲೆಂದು ಅಲ್ಲಿ ಗಿರಣಿಯೊಂದನ್ನು ಸ್ಥಾಪಿಸಿತು. ಅದನ್ನು ಬಿಟ್ಟರೆ ಅದು ದುಡಿಯುವ ಜನರ ಸಾಧಾರಣ ಊರು. ಆ ಊರಿನ ಹುಡುಗರು 1992ರಲ್ಲಿ ಈ ತಂಡವನ್ನು ಕಟ್ಟಿದರು. ಅವರ ಮೊದಲ ಪೂರ್ಣ ಆಲ್ಬಮ್ ಹೊರಬಂದದ್ದು 1998ರಲ್ಲಿ. 2008ರ ‘ಟ್ವೈಲೈಟ್ ಆಫ್ ದಿ ಥಂಡರ್ ಗಾಡ್’ ಅವರನ್ನು ಲೋಕವಿಖ್ಯಾತರನ್ನಾಗಿಸಿತು. 2022ರ ‘ದಿ ಗ್ರೇಟ್ ಹೀದನ್ ಆರ್ಮಿ’ಯವರೆಗೆ ಅವರು ಬಹುಮಟ್ಟಿಗೆ ಒಂದೇ ಕಣಜದಿಂದ ಕಾಳು ತೆಗೆಯುತ್ತ ಬಂದಿದ್ದಾರೆ. ಆ ಕಣಜವೆಂದರೆ ಓಡಿನ್, ಥಾರ್, ಲೋಕಿಯರ ಪುರಾಣ ಮತ್ತು ಸಮುದ್ರ ದಾಟಿ ಹೋದ ನಾವಿಕರ ಇತಿಹಾಸ.

ಈ ಹಾದಿಯನ್ನು ತೆರೆದವರು ಅವರಲ್ಲ. ಬ್ರಿಟನ್ನಿನ ಲೆಡ್ ಝೆಪ್ಪೆಲಿನ್ ತಂಡ 1970ರಲ್ಲಿ ಐಸ್‌ಲೆಂಡಿಗೆ ಹೋಗಿ ಬಂದು, ಆ ಪ್ರವಾಸದ ಪ್ರೇರಣೆಯಿಂದ ವೈಕಿಂಗರ ಕುರಿತು ಒಂದು ಹಾಡು ಕಟ್ಟಿತ್ತು. ಆದರೆ ಆ ಲೋಕವನ್ನೇ ಮನೆ ಮಾಡಿಕೊಂಡವನು ಸ್ಟಾಕ್‌ಹೋಮಿನ ಬಾಥೊರಿ ತಂಡದ ಕ್ವೋರ್ಥಾನ್. ಸೈತಾನನ ಹಾಡುಗಳಿಂದ ಆರಂಭಿಸಿದ ಈತ 1988ರ ‘ಬ್ಲಡ್ ಫೈರ್ ಡೆತ್’ನಲ್ಲಿ ದಾರಿ ಬದಲಿಸಿ, 1990ರ ‘ಹ್ಯಾಮರ್‌ಹಾರ್ಟ್’ನಲ್ಲಿ ಪೂರ್ಣವಾಗಿ ತನ್ನ ನೆಲದ ಪುರಾಣಕ್ಕೆ ಮರಳಿದ. ಸೈತಾನನೂ ಪರದೇಶದಿಂದ ಬಂದವನೇ, ನಮ್ಮ ನೆಲದಲ್ಲೇ ದೇವರುಗಳಿರುವಾಗ ಅವನ ಹಂಗೇಕೆ ಎಂಬುದು ಆ ಹೊರಳುವಿಕೆಯ ಹಿಂದಿದ್ದ ತರ್ಕ. ಕ್ವೋರ್ಥಾನ್ 2004ರಲ್ಲಿ ತೀರಿಕೊಂಡ. ಅವನು ಹಾಕಿದ ಬುನಾದಿಯ ಮೇಲೆ ಸ್ವೀಡನ್ನಿನ ಅನ್‌ಲೀಶ್ಡ್, ನಾರ್ವೆಯ ಎನ್‌ಸ್ಲೇವ್ಡ್ ಮೊದಲಾದ ತಂಡಗಳು ತಂತಮ್ಮ ಮನೆಗಳನ್ನು ಕಟ್ಟಿಕೊಂಡವು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಈ ಸಂಗೀತ ಯಾರು ಬೇಕಾದರೂ ಮಾಡಬಹುದಾದ ಗದ್ದಲವಲ್ಲ. ಗಿಟಾರಿನ ತಂತಿಗಳನ್ನು ರೂಢಿಗಿಂತ ಹಲವು ಸ್ವರ ಕೆಳಗಿಳಿಸಿ ಶ್ರುತಿ ಮಾಡುತ್ತಾರೆ, ಅದರಿಂದ ನಾದಕ್ಕೆ ಭೂಮಿಯೊಳಗಿನಿಂದ ಬಂದಂಥ ತೂಕ ಬರುತ್ತದೆ. ಒಂದೇ ಸ್ವರವನ್ನು ಅತಿವೇಗದಲ್ಲಿ ಮೀಟುತ್ತ ಹೋದಾಗ ಅದು ಬಿಡಿ ಬಿಡಿ ಮೀಟುಗಳಾಗಿ ಕೇಳಿಸದೆ ಹರಿಯುವ ಧಾರೆಯಾಗುತ್ತದೆ. ಡ್ರಮ್ಸ್ ವಾದಕ ಎರಡೂ ಪಾದಗಳಿಂದ ದೊಡ್ಡ ಡ್ರಮ್ಮನ್ನು ಬಾರಿಸುತ್ತಾನೆ. ಆ ಘರ್ಜನೆಯೂ ಗಂಟಲು ಹರಿದುಕೊಳ್ಳುವ ಕೂಗಲ್ಲ. ನಮ್ಮ ಧ್ವನಿತಂತುಗಳ ಮೇಲ್ಭಾಗದಲ್ಲಿ ಹುಸಿ ಧ್ವನಿತಂತುಗಳೆಂಬ ಮಡಿಕೆಗಳಿವೆ. ಉಸಿರನ್ನು ಹೊಟ್ಟೆಯಿಂದ ಹಿಡಿದು ಅವುಗಳನ್ನು ಕಂಪಿಸುವ ಅಭ್ಯಾಸವದು. ತಪ್ಪಾಗಿ ಮಾಡಿದವನ ಸ್ವರ ಬೇಗ ಕೆಡುತ್ತದೆ. ಅಮಾನ್ ಅಮಾರ್ಥ್‌ನ ಯೋಹಾನ್ ಹೆಗ್ ಮೂರು ದಶಕಗಳಿಂದ ಹೀಗೆ ಹಾಡುತ್ತಿದ್ದಾನೆ, ಅದೂ ಪದಗಳು ಸ್ಪಷ್ಟವಾಗಿ ಕೇಳಿಸುವಂತೆ. ಅದರ ಹಿಂದೆ ಸಾಧನೆಯಿದೆ.

ಬಯಲಾಟವನ್ನು ನೋಡಿದ ಕನ್ನಡಿಗರಿಗೆ ಇದು ಅಪರಿಚಿತವಾಗಬೇಕಾಗಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ಚೆಂಡೆಯ ಅಬ್ಬರದ ನಡುವೆ ಹೊಮ್ಮುವ ಆರ್ಭಟವನ್ನು ನೆನೆಯಿರಿ. ಆ ಕಲಾವಿದನನ್ನು ಹಿಂಸಾಪ್ರಿಯನೆಂದು ಯಾರೂ ದೂರುವುದಿಲ್ಲ. ರಾಕ್ಷಸನ ದನಿ ಮನುಷ್ಯನ ದನಿಯಂತಿರಬಾರದೆಂಬುದು ಅಲ್ಲಿ ಎಲ್ಲರೂ ಒಪ್ಪಿದ ರೀತಿ. ಹಾವಿನ, ತೋಳದ, ಬೆಂಕಿಯ, ಪ್ರಳಯದ ಕಥೆ ಹೇಳುವವನಿಗೂ ಮನುಷ್ಯನ ಸಾಮಾನ್ಯ ದನಿ ಸಾಲುವುದಿಲ್ಲ. ಡೆತ್ ಮೆಟಲ್‌ನ ಘರ್ಜನೆಗೆ ನಾರ್ಸ್ ಪುರಾಣ ಇಷ್ಟು ಚೆನ್ನಾಗಿ ಒಗ್ಗಿರುವುದಕ್ಕೆ ಇದೇ ಕಾರಣ. ಆ ದನಿಗೆ ತಕ್ಕ ಕಥೆ ಅಲ್ಲಿ ದೊರೆಯಿತು.

ಆ ಕಥೆಯಾದರೂ ಯಾವುದು? ಜಗತ್ತಿನ ಅನೇಕ ಪುರಾಣಗಳಲ್ಲಿ ದೇವರುಗಳು ಕೊನೆಗೆ ಗೆಲ್ಲುತ್ತಾರೆ. ನಾರ್ಸ್ ಪುರಾಣದಲ್ಲಿ ಸೋಲುತ್ತಾರೆ. ರಾಗ್ನರೋಕ್ ಎಂಬ ಅಂತಿಮ ಯುದ್ಧದಲ್ಲಿ ದೇವಪಿತ ಓಡಿನ್ ಫೆನ್ರಿರ್ ಎಂಬ ತೋಳದ ಬಾಯಿಗೆ ಬೀಳುತ್ತಾನೆ. ಸಿಡಿಲಿನ ದೇವರು ಥಾರ್ ಭೂಮಿಯನ್ನೇ ಸುತ್ತಿಕೊಂಡಿರುವ ಮಹಾಸರ್ಪವನ್ನು ಕೊಲ್ಲುತ್ತಾನೆ. ಆದರೆ ಅದರ ವಿಷ ತಗುಲಿ, ಒಂಬತ್ತು ಹೆಜ್ಜೆ ನಡೆದು, ಸತ್ತು ಬೀಳುತ್ತಾನೆ. ಸುರ್ಟ್ ಎಂಬ ಅಗ್ನಿದೈತ್ಯ ಜಗತ್ತಿಗೆ ಬೆಂಕಿಯಿಡುತ್ತಾನೆ. ಮುಖ್ಯವಾದ ಸಂಗತಿಯೆಂದರೆ ಇದು ಹೀಗೆಯೇ ಆಗುತ್ತದೆಂದು ಓಡಿನ್‌ಗೆ ಮೊದಲೇ ತಿಳಿದಿದೆ. ತಿಳಿದೂ ಅವನು ವಲ್ಹಲ್ಲಾ ಎಂಬ ತನ್ನ ಸಭಾಂಗಣದಲ್ಲಿ ಸತ್ತ ವೀರರನ್ನು ಕೂಡಿಹಾಕುತ್ತಾನೆ, ಸೇನೆ ಕಟ್ಟುತ್ತಾನೆ, ದಿನ ಬಂದಾಗ ಹೊರಡುತ್ತಾನೆ. ಈ ಕಥೆಯೂ ನಾಶದಲ್ಲೇ ನಿಲ್ಲುವುದಿಲ್ಲ. ಸುಟ್ಟು ಮುಳುಗಿದ ಭೂಮಿ ಮತ್ತೆ ಹಸಿರಾಗಿ ಸಮುದ್ರದಿಂದ ಮೇಲೇಳುತ್ತದೆ. ಅಡಗಿ ಉಳಿದ ಒಂದು ಗಂಡು ಒಂದು ಹೆಣ್ಣಿನಿಂದ ಮನುಷ್ಯಕುಲ ಮತ್ತೆ ಆರಂಭವಾಗುತ್ತದೆ.

ಆ ಸಂಜೆ ನಾನು ತಂದೆಯವರಿಗೆ ಹಾಡನ್ನು ನಿಲ್ಲಿಸಿ ಈ ಕಥೆಯನ್ನು ಹೇಳಿದೆ. ‘ಟ್ವೈಲೈಟ್ ಆಫ್ ದಿ ಥಂಡರ್ ಗಾಡ್’ ಹಾಡಿನ ವಸ್ತು ಥಾರ್ ಮತ್ತು ಮಹಾಸರ್ಪದ ಕೊನೆಯ ಕಾಳಗವೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾಯ್ತೀನಿ ಅಂತ ಗೊತ್ತಿದ್ದೂ ಹೋದನಾ?’ ಎಂದು ಕೇಳಿದರು. ಹೌದೆಂದೆ. ‘ಹಾಗಾದರೆ ಅವನು ನಮ್ಮ ಕರ್ಣನ ಪೈಕಿ’ ಎಂದರು. ಆಮೇಲೆ ಕುರ್ಚಿಯೆಳೆದು ಕುಳಿತು, ‘ಇನ್ನೊಂದು ಸಲ ಹಾಕು, ಸದ್ದು ಮಾತ್ರ ಸ್ವಲ್ಪ ಕಡಿಮೆ ಮಾಡು’ ಎಂದರು. ಆ ಸಂಗೀತವನ್ನು ಅವರು ಎಂದೂ ಪ್ರೀತಿಸಲಿಲ್ಲ. ಆದರೆ ಅದು ಏನನ್ನು ಹೇಳುತ್ತಿದೆಯೆಂಬುದನ್ನು ನನಗಿಂತ ಬೇಗ ಹಿಡಿದರು. ತನ್ನವರು ಯಾರೆಂದು ತಿಳಿದ ಮೇಲೂ, ಸೋಲು ಖಚಿತವೆಂದು ಅರಿತ ಮೇಲೂ, ಕೊಟ್ಟ ಮಾತಿಗೆ ಕಟ್ಟುಬಿದ್ದು ರಥವೇರಿದ ಕರ್ಣನನ್ನು ಬಲ್ಲವರಿಗೆ ಥಾರ್‌ನ ಒಂಬತ್ತು ಹೆಜ್ಜೆಗಳನ್ನು ವಿವರಿಸಬೇಕಾಗಿಲ್ಲ.

ಆ ಬೇಸಿಗೆಯಲ್ಲೇ ನಾವಿಬ್ಬರೂ ಮರಿಯೆಫ್ರೆಡ್ ಎಂಬ ಊರಿನ ಗ್ರಿಪ್ಸ್‌ಹೋಲ್ಮ್ ಕೋಟೆಗೆ ಹೋಗಿದ್ದೆವು. ಕೋಟೆಯ ಬಳಿ ಒಂದು ರೂನ್ ಶಿಲೆಯಿದೆ. ರೂನ್ ಎಂದರೆ ಉತ್ತರ ಯೂರೋಪಿನ ಪ್ರಾಚೀನ ಲಿಪಿ. ಹನ್ನೊಂದನೆಯ ಶತಮಾನದಲ್ಲಿ ತೋಲಾ ಎಂಬ ತಾಯಿ, ಇಂಗ್ವಾರ್ ಎಂಬ ನಾಯಕನ ತಂಡದೊಡನೆ ಪೂರ್ವಕ್ಕೆ ಹೋಗಿ ಮರಳಿ ಬಾರದ ತನ್ನ ಮಗ ಹರಾಲ್ಡನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಇಂಗ್ವಾರನ ಯಾತ್ರೆಯಲ್ಲಿ ಸತ್ತವರಿಗಾಗಿ ನೆಟ್ಟ ಇಂಥ ಸುಮಾರು 26 ಕಲ್ಲುಗಳು ಇಂದಿಗೂ ಉಳಿದಿವೆ. ತಂದೆಯವರು ಕಲ್ಲಿನ ಮೇಲೆ ಕೈಯಿಟ್ಟು, ‘ವೀರಗಲ್ಲು’ ಎಂದರು. ನಮ್ಮ ಊರ ಕೆರೆಯ ಏರಿಯ ಮೇಲೆ ಅಂಥದೇ ಒಂದು ಕಲ್ಲಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾದುವ ವೀರ, ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಗೋಟ್‌ಲೆಂಡ್ ದ್ವೀಪದ ಚಿತ್ರಶಿಲೆಗಳಲ್ಲಿಯೂ ಕುದುರೆಯೇರಿ ಬರುವ ವೀರನನ್ನು ಪಾನದ ಕೊಂಬು ಹಿಡಿದ ಹೆಣ್ಣೊಬ್ಬಳು ಎದುರುಗೊಳ್ಳುತ್ತಾಳೆ. ಒಬ್ಬರನ್ನೊಬ್ಬರು ಕಂಡರಿಯದ ಎರಡು ಜನಸಮುದಾಯಗಳು ಸಾವಿನೆದುರು ನಿಂತು ಹೀಗೆ ಹತ್ತಿರದ ಚಿತ್ರಗಳನ್ನು ಬಿಡಿಸಿದವು.

ಅಮಾನ್ ಅಮಾರ್ಥ್‌ನ 2006ರ ಆಲ್ಬಮ್‌ನಲ್ಲಿ ಇಂಥ ಕಲ್ಲಿನ ಕುರಿತೇ ಒಂದು ಹಾಡಿದೆ. ದೂರದ ಪೂರ್ವದ ನದಿಯ ದಾರಿಯಲ್ಲಿ ಗಾಯಗೊಂಡು ಸಾಯುತ್ತಿರುವ ಸಾಮಾನ್ಯ ನಾವಿಕನೊಬ್ಬ ತನ್ನ ಹೆಸರಿನಲ್ಲಿ ಒಂದು ಕಲ್ಲು ನೆಡಿರೆಂದು ಜೊತೆಗಾರರನ್ನು ಬೇಡಿಕೊಳ್ಳುತ್ತಾನೆ. ಅದರಲ್ಲಿ ಅಟ್ಟಹಾಸವಿಲ್ಲ, ಮರೆತುಹೋಗುವ ಭಯವಿದೆ. ಸಾವಿರ ವರ್ಷಗಳ ಹಿಂದೆ ಪರನಾಡಿನಲ್ಲಿ ಸತ್ತ ಹೆಸರಿಲ್ಲದವನ ಅಳಲನ್ನು ಪ್ರತಿರಾತ್ರಿ ಸಾವಿರಾರು ಕಂಠಗಳು ಒಟ್ಟಿಗೆ ಹೇಳುವುದನ್ನು ಕೇಳಿದವರು ಈ ಸಂಗೀತವನ್ನು ಬರಿಯ ಹಿಂಸೆಯೆಂದು ಕರೆಯಲಾರರು.

ಆ ತಂಡದ ಕಛೇರಿಗಳಲ್ಲಿ ಇನ್ನೊಂದು ದೃಶ್ಯ ಕಾಣಸಿಗುತ್ತದೆ. ಹಾಡಿನ ನಡುವೆ ಪ್ರೇಕ್ಷಕರು ಇದ್ದಕ್ಕಿದ್ದಂತೆ ನೆಲದ ಮೇಲೆ ಸಾಲುಸಾಲಾಗಿ ಕುಳಿತು, ಒಬ್ಬರ ಹಿಂದೊಬ್ಬರು, ತಾಳಕ್ಕೆ ಸರಿಯಾಗಿ ಹುಟ್ಟು ಹಾಕತೊಡಗುತ್ತಾರೆ. ಇಲ್ಲದ ದೋಣಿ, ಇಲ್ಲದ ಹುಟ್ಟು, ಆದರೆ ನೂರಾರು ತೋಳುಗಳು ಒಂದೇ ಲಯದಲ್ಲಿ. ನಾನು ಮೊದಲ ಬಾರಿ ಹೋದಾಗ ನನ್ನ ಮುಂದೆ ಬೋಳುತಲೆಯ ನಡುವಯಸ್ಸಿನವನೊಬ್ಬ, ಹಿಂದೆ ಕಾಲೇಜು ಹುಡುಗಿಯೊಬ್ಬಳು ಕುಳಿತಿದ್ದರು. ಪರಸ್ಪರ ಹೆಸರು ಗೊತ್ತಿಲ್ಲ. ಲಯ ತಪ್ಪಿದ ನನ್ನ ಹೆಗಲನ್ನು ಹಿಂದಿನಿಂದ ಹಿಡಿದು ಆಕೆ ತಾಳಕ್ಕೆ ಸೇರಿಸಿದಳು. ವರ್ಷವಿಡೀ ಅಕ್ಕಪಕ್ಕದವರನ್ನು ಮಾತನಾಡಿಸದೆ ಬದುಕಬಹುದಾದ ಆ ಚಳಿಯ ನಗರದಲ್ಲಿ, ಪರದೇಶಿಯಾದ ನನಗೆ ಸಿಕ್ಕಿದ ಅತ್ಯಂತ ಸಹಜ ಸ್ವಾಗತ ಅದಾಗಿತ್ತು.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಇಂಥ ಸಂಗೀತ ಯುವಕರನ್ನು ಕ್ರೂರಿಗಳನ್ನಾಗಿಸುತ್ತದೆ ಎಂಬುದು ಮೊದಲನೆಯದು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನು ಪರೀಕ್ಷಿಸಿದರು. ಇಂಥ ಸಂಗೀತವನ್ನು ಕೇಳುವ, 18ರಿಂದ 34 ವಯಸ್ಸಿನ 39 ಮಂದಿಗೆ ಮೊದಲು ಸಿಟ್ಟು ತರಿಸುವ ಸಂಗತಿಗಳನ್ನು ನೆನಪಿಸಿ, ಬಳಿಕ ಕೆಲವರಿಗೆ ತಮ್ಮ ಆಯ್ಕೆಯ ಸಂಗೀತವನ್ನು ಕೇಳಲು ಬಿಟ್ಟು, ಉಳಿದವರನ್ನು ಮೌನವಾಗಿ ಕೂರಿಸಿದರು. ಸಂಗೀತ ಕೇಳಿದವರ ಸಿಟ್ಟು ಹೆಚ್ಚಲಿಲ್ಲ. ಮೌನವಾಗಿ ಕುಳಿತವರಂತೆಯೇ ಅವರ ದ್ವೇಷಭಾವ, ಕಿರಿಕಿರಿಗಳು ಇಳಿದವು, ಜೊತೆಗೆ ಮನಸ್ಸಿಗೆ ಹುರುಪು ಬಂತೆಂದು ಅವರು ಹೇಳಿದರು. ಅದೇ ದೇಶದ ಮಕ್ವಾರಿ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 32 ಅಭಿಮಾನಿಗಳನ್ನೂ 48 ಇತರರನ್ನೂ ಹೋಲಿಸಲಾಗಿತ್ತು. ಹಿಂಸೆಯ ಚಿತ್ರಗಳಿಗೆ ಅವರ ಮನಸ್ಸು ಸ್ಪಂದಿಸುವ ರೀತಿಯಲ್ಲಿ ಅಭಿಮಾನಿಗಳು ಜಡಗೊಂಡಿರಲಿಲ್ಲ. ಇವು ಸಣ್ಣ ಅಧ್ಯಯನಗಳು, ಅಂತಿಮ ತೀರ್ಪುಗಳಲ್ಲ. ಆದರೆ ಆರೋಪ ಹೊರಿಸುವವರು ಇಷ್ಟಾದರೂ ಪುರಾವೆ ಒದಗಿಸಬೇಡವೇ?

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ನಾರ್ವೆಯ ಬರ್ಗೆನ್ ಬಳಿ 1992ರ ಜೂನ್ 6ರಂದು ಫಾಂಟಾಫ್ಟ್ ಎಂಬ ಪ್ರಾಚೀನ ಮರದ ಚರ್ಚು ಸುಟ್ಟುಹೋಯಿತು. ಅದರ ಬೆನ್ನಿಗೆ ಹಲವು ಚರ್ಚುಗಳಿಗೆ ಬೆಂಕಿ ಬಿತ್ತು. ಬ್ಲ್ಯಾಕ್ ಮೆಟಲ್ ಎಂಬ ಸೋದರ ಪ್ರಕಾರದ ಕೆಲವು ಯುವಕರು ಇದರಲ್ಲಿ ಭಾಗಿಗಳಾಗಿದ್ದರು. 1993ರಲ್ಲಿ ಅವರ ನಡುವೆಯೇ ಒಂದು ಕೊಲೆಯಾಯಿತು. ಕೊಲೆಗಾರನಿಗೆ 1994ರಲ್ಲಿ 21 ವರ್ಷಗಳ ಶಿಕ್ಷೆಯಾಯಿತು. ಆತ ಮುಂದೆ ಓಡಿನ್‌ನ ಹೆಸರಿನಲ್ಲಿ ಜನಾಂಗದ್ವೇಷವನ್ನು ಬೋಧಿಸಿದ. ಇದು ಹೊಸ ರೋಗವೂ ಅಲ್ಲ. ಹಿಟ್ಲರನ ಎಸ್‌.ಎಸ್. ಪಡೆಯ ಲಾಂಛನ ರೂನ್ ಅಕ್ಷರಗಳಿಂದಲೇ ಮಾಡಿದ್ದು. ಸ್ವೀಡನ್ನಿನ ನವನಾಜಿಗಳ ಬಾವುಟದ ಮೇಲೂ ರೂನ್ ಇದೆ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳಿಗೆ ನುಗ್ಗಿ 51 ಮಂದಿಯನ್ನು ಕೊಂದವನ ಬರಹದಲ್ಲಿ ವಲ್ಹಲ್ಲಾದ ಹೆಸರಿತ್ತು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದವರಲ್ಲಿ ಜಗತ್ತೆಲ್ಲ ನೋಡಿದ ಕೊಂಬಿನ ಟೋಪಿಯವನ ಮೈಮೇಲೆ ಥಾರ್‌ನ ಸುತ್ತಿಗೆಯ ಹಚ್ಚೆಯಿತ್ತು.

ಹಾಗಾದರೆ ಈ ಪುರಾಣವನ್ನೇ ಬಿಟ್ಟುಬಿಡಬೇಕೆ? ನನ್ನ ಉತ್ತರ ಸ್ಪಷ್ಟ. ಬಿಟ್ಟುಕೊಟ್ಟರೆ ಅದು ಪೂರ್ಣವಾಗಿ ಅವರದಾಗುತ್ತದೆ. ದ್ವೇಷಿಗಳು ಒಂದು ದೇವರನ್ನು ಅಪಹರಿಸಿದರೆಂದು ಮಿಕ್ಕವರು ಆ ದೇವರ ಗುಡಿಯ ಕಡೆ ತಲೆಹಾಕದಿದ್ದರೆ ಅಪಹರಣ ಶಾಶ್ವತವಾಗುತ್ತದೆ. ಫೆರೋ ದ್ವೀಪಗಳ ಟೀರ್ ತಂಡ ತಮ್ಮ ಪೂರ್ವಿಕರ ಚಿಹ್ನೆಗಳಿಗೆ ನಾಜಿಗಳು ಹಚ್ಚಿದ ಮಸಿಯನ್ನು ಧಿಕ್ಕರಿಸಿ 2011ರಲ್ಲಿ ಒಂದು ಹಾಡನ್ನೇ ಬರೆಯಿತು. ಈ ಕೆಲಸವನ್ನು ಸರ್ಕಾರದ ನಿಷೇಧಾಜ್ಞೆಗಳಿಗಿಂತ ಚೆನ್ನಾಗಿ ಹಾಡುಗಾರರು ಮಾಡಬಲ್ಲರು, ಏಕೆಂದರೆ ಹದಿನೆಂಟರ ಹುಡುಗ ಆಜ್ಞೆಯನ್ನು ಕೇಳುವುದಿಲ್ಲ, ಹಾಡನ್ನು ಕೇಳುತ್ತಾನೆ.

ಇಷ್ಟಕ್ಕೂ ರಕ್ತಶುದ್ಧಿಯ ವಾದಕ್ಕೆ ಈ ಪುರಾಣದಲ್ಲಿ ಕಾಲೂರಲು ಜಾಗವೇ ಇಲ್ಲ. ಐಸ್‌ಲೆಂಡ್ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದು ಕ್ರಿ.ಶ. 1000ದ ಸುಮಾರಿಗೆ. ಇಂದು ನಾವು ಓದುವ ಗದ್ಯ ಎಡ್ಡಾವನ್ನು ಸ್ನೋರಿ ಸ್ಟುರ್ಲುಸನ್ ಬರೆದದ್ದು 1220ರ ಸುಮಾರಿಗೆ. ಪ್ರಾಚೀನ ಪದ್ಯಗಳ ಮುಖ್ಯ ಹಸ್ತಪ್ರತಿಯಾದ ‘ಕೋಡೆಕ್ಸ್ ರೇಜಿಯಸ್’ ಸಿದ್ಧವಾದದ್ದು 1270ರ ಸುಮಾರಿಗೆ. ಅಂದರೆ ಓಡಿನ್‌ನ ಕಥೆಗಳನ್ನು ಉಳಿಸಿಕೊಟ್ಟವರು ಓಡಿನ್‌ನನ್ನು ಪೂಜಿಸದ ಕ್ರೈಸ್ತರು. ಆ ಹಸ್ತಪ್ರತಿ ಬಹುಕಾಲ ಡೆನ್ಮಾರ್ಕಿನಲ್ಲಿದ್ದು 1971ರಲ್ಲಿ ಐಸ್‌ಲೆಂಡಿಗೆ ಮರಳಿತು. ವೈಕಿಂಗರ ಗುರುತೆಂದು ನಾವೆಲ್ಲ ನಂಬಿರುವ ಕೊಂಬಿನ ಶಿರಸ್ತ್ರಾಣ 1876ರಲ್ಲಿ ಬೈರಾಯ್ಟ್‌ನಲ್ಲಿ ನಡೆದ ವಾಗ್ನರನ ಸಂಗೀತ ನಾಟಕದ ವೇಷಭೂಷಣದಿಂದ ಜನಪ್ರಿಯವಾದದ್ದು. 1943ರಲ್ಲಿ ನಾರ್ವೆಯಲ್ಲಿ ಸಿಕ್ಕಿದ ನಿಜವಾದ ವೈಕಿಂಗ್ ಶಿರಸ್ತ್ರಾಣಕ್ಕೆ ಕೊಂಬುಗಳಿಲ್ಲ. ಅಮಾನ್ ಅಮಾರ್ಥ್ ಎಂಬ ಹೆಸರಾದರೂ ಪ್ರಾಚೀನ ನಾರ್ಸ್ ಭಾಷೆಯದಲ್ಲ. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ ಕಲ್ಪಿಸಿದ ಭಾಷೆಯೊಂದರಲ್ಲಿ ಬೆಂಕಿಬೆಟ್ಟದ ಹೆಸರು ಅದು. ಟೋಲ್ಕಿನ್ ಶ್ರದ್ಧಾವಂತ ಕ್ಯಾಥೊಲಿಕ್. ಹಾಡುಗಳಿರುವುದು ಇಂಗ್ಲಿಷಿನಲ್ಲಿ. ತಂಡವನ್ನು ಕಟ್ಟಿದವರಲ್ಲೊಬ್ಬನಾದ ಗಿಟಾರ್ ವಾದಕನ ಹೆಸರು ಓಲವಿ ಮಿಕ್ಕೊನೆನ್, ಅದು ಫಿನ್ನಿಷ್ ಹೆಸರು. ಇದರಲ್ಲಿ ಶುದ್ಧವಾದದ್ದು ಯಾವುದು? ಕೈಯಿಂದ ಕೈಗೆ ದಾಟಿ, ಕಂಡಕಂಡಲ್ಲಿ ಬೆರೆತು, ಅದರಿಂದಾಗಿಯೇ ಬದುಕಿ ಬಂದ ಕಥೆಯಿದು.

ವೈಕಿಂಗರನ್ನು ಆದರ್ಶವೀರರೆಂದು ಹೊಗಳುವುದೂ ನನ್ನ ಉದ್ದೇಶವಲ್ಲ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ನಿರಾಯುಧ ಸನ್ಯಾಸಿಗಳ ಮೇಲೆ ಬಿದ್ದವರು ಅವರು. ಮನುಷ್ಯರನ್ನು ಹಿಡಿದು ಮಾರಿದವರು ಅವರು, ಡಬ್ಲಿನ್ ನಗರ ಅವರ ಕಾಲದಲ್ಲಿ ಗುಲಾಮರ ಸಂತೆಯಾಗಿತ್ತು. ಈ ಸಂಗೀತದ ಬಹುಪಾಲು ಹಾಡುಗಳಲ್ಲಿ ಕತ್ತಿ ಹಿಡಿದವನ ಕಥೆಯಿದೆ, ಕತ್ತಿಗೆ ಸಿಕ್ಕಿದವಳ ಕಥೆಯಿಲ್ಲ. ಇದು ದೊಡ್ಡ ಕೊರತೆ. ಕೊಂಚ ಬೇರೆ ದಾರಿ ತೋರಿದ್ದು 2016ರ ‘ಯೋಮ್ಸ್‌ವೈಕಿಂಗ್’ ಆಲ್ಬಮ್. ಪ್ರೀತಿಸಿದವಳು ಬೇರೆಯವನ ಪಾಲಾದಳೆಂದು ಊರು ಬಿಟ್ಟು ಕೂಲಿಸೈನಿಕನಾದ ಯುವಕನೊಬ್ಬನ ಕಥೆ ಅದರಲ್ಲಿದೆ. ರಕ್ತ ಹರಿಸಿ ಅವನು ಮರಳಿ ಬಂದಾಗ ಆಕೆ ಅವನನ್ನು ಸ್ವೀಕರಿಸುವುದಿಲ್ಲ. ಆ ನಿರಾಕರಣೆಗೆ ಜರ್ಮನಿಯ ಗಾಯಕಿ ಡೋರೊ ಪೆಶ್ ದನಿ ಕೊಟ್ಟಿದ್ದಾರೆ. ವೀರನ ಕನಸಿಗೆ ತಲೆಬಾಗಬೇಕಾದ ಹಂಗು ತನಗಿಲ್ಲವೆಂದು ಹೆಣ್ಣೊಬ್ಬಳು ಹೇಳುವ ಆ ಗಳಿಗೆಯಲ್ಲಿ ಇಡೀ ಆಲ್ಬಮ್ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತದೆ. ಇಂಥವು ಇನ್ನಷ್ಟು ಬೇಕು.

ವ್ಯಾಪಾರದ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಪಾನದ ಕೊಂಬು, ಸುತ್ತಿಗೆಯ ಪದಕ, ತಲೆಬುರುಡೆಯ ಅಂಗಿ ಎಲ್ಲವೂ ಇಂದು ಮಾರಾಟದ ಸರಕು. ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ 1990ರಲ್ಲಿ ಸಣ್ಣದಾಗಿ ಆರಂಭವಾದ ಮೆಟಲ್ ಉತ್ಸವಕ್ಕೆ ಈಗ 80 ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ಇಷ್ಟು ದೊಡ್ಡ ಜಾತ್ರೆಯಲ್ಲಿ ಅಂಗಡಿಗಳಿರುವುದು ಸಹಜ. ಜಾತ್ರೆಯಲ್ಲಿ ಅಂಗಡಿಯಿದೆಯೆಂದು ತೇರು ಸುಳ್ಳಾಗುವುದಿಲ್ಲ, ಆದರೆ ಅಂಗಡಿಯನ್ನೇ ತೇರೆಂದು ತಿಳಿಯಬಾರದು. ಅಮಾನ್ ಅಮಾರ್ಥ್‌ನ ಎಲ್ಲ ಹಾಡುಗಳೂ ಒಂದೇ ತೂಕದವಲ್ಲ. ಕೆಲವು ಕೇವಲ ಅಭ್ಯಾಸಬಲದಿಂದ ಕಟ್ಟಿದವು ಎಂಬುದು ಅವರ ಅಭಿಮಾನಿಯಾದ ನನಗೂ ಗೊತ್ತು.

ಆದರೂ ಈ ಪರಂಪರೆಯಿಂದ ನಾವು ಕಲಿಯಬೇಕಾದದ್ದಿದೆ. ಐಸ್‌ಲೆಂಡಿನ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ನಮ್ಮ ಒಂದು ಜಿಲ್ಲಾಕೇಂದ್ರದಷ್ಟು ಜನರಿರುವ ಆ ದೇಶದಲ್ಲಿ 2009ರಲ್ಲಿ ಹುಟ್ಟಿದ ಸ್ಕಾಲ್ಮೋಲ್ಡ್ ಎಂಬ ತಂಡ ತನ್ನ ಮೆಟಲ್ ಹಾಡುಗಳನ್ನು ಐಸ್‌ಲೆಂಡಿಕ್ ಭಾಷೆಯಲ್ಲೇ ಬರೆಯುತ್ತದೆ. ಭಾಷೆ ಮಾತ್ರವಲ್ಲ, ಆದಿಪ್ರಾಸದ ಪ್ರಾಚೀನ ಛಂದಸ್ಸುಗಳನ್ನೂ ಬಳಸುತ್ತದೆ. 2013ರಲ್ಲಿ ಅದು ಆ ದೇಶದ ಸಿಂಫನಿ ವಾದ್ಯವೃಂದದೊಡನೆ ರಾಜಧಾನಿಯ ಹಾರ್ಪಾ ಸಭಾಂಗಣದಲ್ಲಿ ಕಛೇರಿ ನಡೆಸಿತು. ಹಳೆಯ ಛಂದಸ್ಸು, ಹೊಸ ಗಿಟಾರು, ರಾಷ್ಟ್ರೀಯ ವೇದಿಕೆ ಮೂರೂ ಒಂದೆಡೆ ಸೇರಿದವು. ಯಾರೂ ಸಂಸ್ಕೃತಿ ಕೆಟ್ಟಿತೆಂದು ಬೊಬ್ಬೆಯಿಡಲಿಲ್ಲ. ಭಾಷೆ ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ, ಹುಡುಗರ ಗಂಟಲಿನಲ್ಲಿ ಉಳಿಯುತ್ತದೆ.

ನಮ್ಮ ಬೆಂಗಳೂರು ಈ ಸಂಗೀತಕ್ಕೆ ಹೊಸದಲ್ಲ. 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿದಾಗ, 2011ರ ಅಕ್ಟೋಬರಿನಲ್ಲಿ ಅಲ್ಲಿಯೇ ಮೆಟಾಲಿಕಾ ಹಾಡಿದಾಗ, ದೇಶದ ಮೂಲೆಮೂಲೆಗಳಿಂದ ಜನ ಬಂದಿದ್ದರು. ಮೆಟಲ್ ನುಡಿಸುವ ಹುಡುಗ ಹುಡುಗಿಯರು ಈ ನಗರದಲ್ಲಿ ಎಷ್ಟೋ ಮಂದಿಯಿದ್ದಾರೆ. ಅವರು ಓಡಿನ್‌ನ ಕುರಿತು ಹಾಡಬೇಕೆಂದೇನೂ ಇಲ್ಲ. ತೊಡೆ ಮುರಿಯಲಿದೆಯೆಂದು ತಿಳಿದೂ ಸರೋವರದಿಂದ ಎದ್ದು ಬಂದ ರನ್ನನ ದುರ್ಯೋಧನ ಅವರ ಮನೆಯಂಗಳದಲ್ಲೇ ಇದ್ದಾನೆ. ಹಳಗನ್ನಡದ ಮಹಾಪ್ರಾಣಗಳಿಗೆ, ಒತ್ತಕ್ಷರಗಳಿಗೆ ಈ ಘರ್ಜನೆಯನ್ನು ಹೊರುವ ಕಸುವಿಲ್ಲವೆಂದು ಯಾರು ಹೇಳಿಯಾರು? ಆದರೆ ಅದು ಅನುಕರಣೆಯಾಗಬಾರದು. ತುಂಬಾದ ಹುಡುಗರು ಯಶಸ್ವಿಯಾದದ್ದು ತಮ್ಮ ರೈಲುನಿಲ್ದಾಣದಾಚೆಯ ಹೊಲದಲ್ಲಿ ನಿಂತಿದ್ದ ಕಲ್ಲನ್ನು ಓದಲು ಕಲಿತದ್ದರಿಂದ.

ಕೊನೆಯದಾಗಿ, ಮತ್ತೆ ನನ್ನ ತಂದೆಯವರ ಮಾತು. ನಾನು ಊರಿಗೆ ಮರಳಿದ ಕೆಲವು ವರ್ಷಗಳ ಮೇಲೆ ಅವರಿಗೆ ವಾಸಿಯಾಗದ ಕಾಯಿಲೆಯೆಂದು ತಿಳಿಯಿತು. ಇನ್ನೊಂದು ಸುತ್ತಿನ ಚಿಕಿತ್ಸೆ ಬೇಡವೆಂದು ಅವರೇ ನಿರ್ಧರಿಸಿ ಹಳ್ಳಿಗೆ ಹೋದರು. ಅಲ್ಲಿ ಸುಮ್ಮನೆ ಮಲಗಲಿಲ್ಲ. ಎರವಲು ತಂದಿದ್ದ ಪುಸ್ತಕಗಳನ್ನು ಹುಡುಕಿಸಿ ಹಿಂದಿರುಗಿಸಿದರು. ಲೆಕ್ಕದ ಪುಸ್ತಕವನ್ನು ಬರೆದು ಮುಗಿಸಿದರು. ಆಳನ್ನು ಕರೆಸಿ ಹಿತ್ತಲಿನಲ್ಲಿ ತೆಂಗಿನ ಸಸಿಗಳನ್ನು ನೆಡಿಸಿದರು. ಒಂದು ಬೆಳಿಗ್ಗೆ ನನ್ನ ತೋಳು ಹಿಡಿದು ಹಾಸಿಗೆಯಿಂದ ಜಗುಲಿಯವರೆಗೆ ನಡೆಯುತ್ತ, ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಂಡು, ‘ನಿನ್ನ ಥಾರನ ಲೆಕ್ಕದಲ್ಲಿ ಇದು ಎಷ್ಟನೇ ಹೆಜ್ಜೆಯಪ್ಪ?’ ಎಂದು ನಕ್ಕರು. ಏನು ಹೇಳಬೇಕೆಂದು ತೋಚದೆ, ‘ಇನ್ನೂ ಮೂರೋ ನಾಲ್ಕೋ ಅಷ್ಟೆ, ಅಪ್ಪ’ ಎಂದೆ. ‘ಹಾಗಾದರೆ ಬಿಸಿಲಿಗೆ ಹೋಗೋಣ ನಡೆ’ ಎಂದರು.

ಅವರು ತೀರಿಕೊಂಡ ತಿಂಗಳು ನಾನು ಆ ಒಂದು ಹಾಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಸಮಾಧಾನ ಹೇಳುವ ಸಂಗೀತ ಆಗ ನನಗೆ ಬೇಕಿರಲಿಲ್ಲ. ಎಲ್ಲವೂ ಒಳ್ಳೆಯದೇ ಆಗುತ್ತದೆನ್ನುವ ಹಾಡು ಆ ದಿನಗಳಲ್ಲಿ ಸುಳ್ಳೆನಿಸುತ್ತಿತ್ತು. ಸೋಲು ನಿಶ್ಚಿತ, ಆದರೂ ಹೊರಡುವ ಬಗೆ ನಿನ್ನ ಕೈಯಲ್ಲಿದೆ ಎನ್ನುವ ದನಿಯೊಂದು ಬೇಕಿತ್ತು. ಅದು ಮೆಲುದನಿಯಾಗಿದ್ದರೆ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಈ ಸಂಗೀತದ ಶಕ್ತಿ ಏನೆಂದು ಕೇಳುವವರಿಗೆ ನಾನು ಕೊಡಬಲ್ಲ ಉತ್ತರ ಇಷ್ಟೆ.

ಮನೆಯಲ್ಲಿ ಹರೆಯದ ಮಕ್ಕಳಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಮುಚ್ಚಿದ ಬಾಗಿಲ ಹಿಂದಿನಿಂದ ಇಂಥ ಘರ್ಜನೆ ಕೇಳಿಬಂದರೆ ಸದ್ದು ನಿಲ್ಲಿಸೆಂದು ಕೂಗುವ ಮೊದಲು ಒಳಗೆ ಹೋಗಿ. ಇದು ಯಾವ ಕಥೆಯೆಂದು ಕೇಳಿ. ಕಥೆ ದ್ವೇಷದ್ದಾಗಿದ್ದರೆ ಅಲ್ಲೇ ಕುಳಿತು ವಾದಿಸಿ, ಅದು ನಿಮ್ಮ ಕರ್ತವ್ಯ. ಬೇರೆ ಕಥೆಯಾಗಿದ್ದರೆ, ನನ್ನ ತಂದೆಯವರಂತೆ ಒಂದು ಕುರ್ಚಿ ಎಳೆದುಕೊಳ್ಳಿ. ಸದ್ದು ಸ್ವಲ್ಪ ಕಡಿಮೆ ಮಾಡೆಂದು ಹೇಳುವ ಹಕ್ಕು ಆಗಲೂ ನಿಮಗಿದೆ.